ಪರ್ಫ್ಯೂಮ್ ಕೇಳೋದಾದರೆ ಮೊದಲು ಯಾವ ಹಾಡು?

ಜಪಾನಿನ ಪರ್ಫ್ಯೂಮ್ ತಂಡದ ಹಾಡು ಕೇಳಬೇಕು ಅಂತ ಯಾರಾದರೂ ಹೇಳಿದರೆ ನನಗೆ ಖುಷಿ ಆಗುತ್ತದೆ, ಜೊತೆಗೇ ಸ್ವಲ್ಪ ಭಯವೂ ಆಗುತ್ತದೆ. ಮೊದಲ ಹಾಡು ಕೈಕೊಟ್ಟರೆ ಮುಗಿಯಿತು. "ಏನಿದು, ಮಷೀನ್ ಹಾಡಿದ ಹಾಗಿದೆ" ಅಂತ ಮೊಬೈಲ್ ಕೆಳಗಿಡುತ್ತಾರೆ. ಆಮೇಲೆ ಎಷ್ಟು ಬೇಡಿಕೊಂಡರೂ ಇನ್ನೊಂದು ಹಾಡು ಕೇಳುವುದಿಲ್ಲ. ನನ್ನ ಒಬ್ಬ ಗೆಳೆಯನ ವಿಷಯದಲ್ಲಿ ಹೀಗೇ ಆಯಿತು. ತಪ್ಪು ನನ್ನದೇ. ನನಗೆ ತುಂಬಾ ಇಷ್ಟ ಅನ್ನೋ ಒಂದೇ ಕಾರಣಕ್ಕೆ ಎಂಟು ನಿಮಿಷ ದಾಟುವ 'ಎಡ್ಜ್' ಹಾಡನ್ನು ಅವನ ಕಿವಿಗೆ ತುರುಕಿದ್ದೆ. ಮೂರನೇ ನಿಮಿಷಕ್ಕೆ ಅವನು ಎದ್ದು ಕಾಫಿ ಮಾಡೋಕೆ ಹೋದ.

ಅದಕ್ಕೇ ಈ ಬರಹ. ಪರ್ಫ್ಯೂಮ್‌ನ ಜನಪ್ರಿಯ ಹಾಡುಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಆದರೆ ಆ ಪಟ್ಟಿ ಹಿಡಿದು ಮೇಲಿನಿಂದ ಕೆಳಗೆ ಕೇಳುತ್ತಾ ಹೋದರೆ ಪ್ರಯೋಜನ ಇಲ್ಲ. ನಿಮಗೆ ಲಯದ ಹುಚ್ಚು ಜಾಸ್ತಿಯೋ, ಗುನುಗುವ ಹಾಡು ಬೇಕೋ, ಕೂತು ನೋಡೋಕೆ ಇಷ್ಟವೋ ಅನ್ನೋದರ ಮೇಲೆ ಮೊದಲ ಹಾಡು ಬದಲಾಗುತ್ತದೆ. ನಾನು ಜೋಡಿ ಜೋಡಿಯಾಗಿ ಇಡುತ್ತೇನೆ, ನಿಮಗೆ ಸರಿ ಅನ್ನಿಸಿದ್ದನ್ನು ಆರಿಸಿಕೊಳ್ಳಿ.

ಮೊದಲು ಪರಿಚಯ, ಬೇಗ ಮುಗಿಸುತ್ತೇನೆ. ಮೂವರು ಹುಡುಗಿಯರು: ಆಚಾನ್, ಕಶಿಯುಕಾ, ನೊಚ್ಚಿ. ಊರು ಹಿರೋಶಿಮಾ. ಅಲ್ಲಿನ ಒಂದು ಹಾಡು-ಕುಣಿತದ ಶಾಲೆಯಲ್ಲಿ 2000ದಲ್ಲಿ ತಂಡ ಹುಟ್ಟಿತು. ಆಗ ನೊಚ್ಚಿ ಇರಲಿಲ್ಲ, ಬೇರೊಬ್ಬ ಹುಡುಗಿ ಇದ್ದಳು. ಮೂವರ ಹೆಸರಿನಲ್ಲೂ 'ಪರಿಮಳ' ಅನ್ನೋ ಅರ್ಥದ ಒಂದೇ ಅಕ್ಷರ ಇತ್ತು, ಅದಕ್ಕೇ ಪರ್ಫ್ಯೂಮ್. ಆ ಹುಡುಗಿ ಬಿಟ್ಟುಹೋದಳು, ನೊಚ್ಚಿ ಬಂದಳು. ಅವಳ ಹೆಸರಿನಲ್ಲಿ ಪರಿಮಳ ಇಲ್ಲ! ಹೆಸರು ಮಾತ್ರ ಹಾಗೇ ಉಳಿಯಿತು. ಪರದೆಯ ಮೇಲೆ ಯಾರು ಯಾರು ಅಂತ ಗುರುತಿಸೋದು ಸುಲಭ. ಜುಟ್ಟು ಕಟ್ಟಿದವಳು ಆಚಾನ್, ಹಣೆ ಮುಚ್ಚಿದ ಉದ್ದ ನೇರ ಕೂದಲು ಕಶಿಯುಕಾ, ಗಿಡ್ಡ ಕೂದಲು ನೊಚ್ಚಿ. ಇಪ್ಪತ್ತು ವರ್ಷ ಆದರೂ ಈ ಮೂರು ತಲೆ ಬದಲಾಗಿಲ್ಲ.

ಹಾಡು ಬರೆದು ಸಂಗೀತ ಕಟ್ಟುವವರು ನಕಾತಾ ಯಾಸುತಾಕಾ. ಕುಣಿತ ಕಟ್ಟುವವರು ಮಿಕಿಕೊ, ಹಿರೋಶಿಮಾ ದಿನಗಳಿಂದಲೂ ಇವರ ಗುರು. ಹಾಡುಗಳನ್ನು ಹೋಲಿಸುವಾಗ ಈ ಇಬ್ಬರ ಹೆಸರು ನೆನಪಿರಲಿ. ಕೆಲವು ಹಾಡು ಅರ್ಧಕ್ಕಿಂತ ಜಾಸ್ತಿ ನಕಾತಾ ಅವರದು, ಕಣ್ಣು ಮುಚ್ಚಿ ಕೇಳಬಹುದು. ಕೆಲವು ಮಿಕಿಕೊ ಅವರದು, ನೋಡದೆ ಇದ್ದರೆ ಅರ್ಧ ಹಾಡು ಕೇಳಿದ ಹಾಗೆ. ಧ್ವನಿ ಯಾಕೆ ಮಷೀನಿನ ಹಾಗಿದೆ ಅಂತ ಕೇಳುವವರಿಗೆ ಒಂದೇ ಉತ್ತರ: ನಕಾತಾ ಅದನ್ನು ಬೇಕಂತಲೇ ಹಾಗೆ ಮಾಡುತ್ತಾರೆ. ಧ್ವನಿಯೂ ಅವರಿಗೆ ಒಂದು ವಾದ್ಯ, ಸಿಂಥಸೈಜರ್ ಪಕ್ಕ ಕೂರಿಸುತ್ತಾರೆ. ಒನ್ ಪೀಸ್ ಸಿನಿಮಾಕ್ಕೆ ಆಡೊ ಹಾಡಿದ 'ನ್ಯೂ ಜೆನೆಸಿಸ್' ಗೊತ್ತಿದ್ದರೆ, ಅದೂ ಇವರದೇ ಕೆಲಸ.

ಪಾಲಿರಿದಮ್ ಅಥವಾ ಚಾಕೊಲೇಟ್ ಡಿಸ್ಕೋ

ಯಾರನ್ನೇ ಕೇಳಿ, ಪರ್ಫ್ಯೂಮ್ ಅಂದರೆ ಈ ಎರಡರಲ್ಲಿ ಒಂದು ಹೆಸರು ಬಂದೇ ಬರುತ್ತದೆ. ಎರಡೂ 2007ರವು. ಚಾಕೊಲೇಟ್ ಡಿಸ್ಕೋ ಫೆಬ್ರವರಿ 14ಕ್ಕೆ ಬಂತು, ಪಾಲಿರಿದಮ್ ಸೆಪ್ಟೆಂಬರ್‌ನಲ್ಲಿ. ನಡುವಿನ ಆ ಏಳು ತಿಂಗಳಲ್ಲಿ ಇವರ ಹಣೆಬರಹವೇ ಬದಲಾಯಿತು.

ಅದಕ್ಕಿಂತ ಮುಂಚೆ ಪರಿಸ್ಥಿತಿ ಹೇಗಿತ್ತು ಅಂದರೆ, ಟೋಕಿಯೋದ ಅಕಿಹಾಬಾರ ಅನ್ನೋ ಪೇಟೆಯ ಬೀದಿಯಲ್ಲಿ ನಿಂತು ಹಾಡಿ, ತಾವೇ ಚೀಟಿ ಹಂಚುತ್ತಿದ್ದರು. 2006ರಲ್ಲಿ ಬಂದ ಇವರ ಮೊಟ್ಟಮೊದಲ ಆಲ್ಬಮ್ ಹೆಸರು ಏನು ಗೊತ್ತಾ? 'ಕಂಪ್ಲೀಟ್ ಬೆಸ್ಟ್'. ಮೊದಲನೆಯದಕ್ಕೇ 'ಸಂಪೂರ್ಣ ಸಂಗ್ರಹ' ಅಂತ ಹೆಸರಿಟ್ಟರೆ, ಮುಂದೆ ಏನೂ ಬರಲ್ಲ ಅಂದ ಹಾಗೇ ಅಲ್ವಾ! ಆಮೇಲೆ ಕಿಮುರಾ ಕಾಯೆಲಾ ಅನ್ನೋ ಗಾಯಕಿ ತನ್ನ ರೇಡಿಯೋ ಕಾರ್ಯಕ್ರಮದಲ್ಲಿ ಇವರ ಹಾಡು ಹಾಕಿದಳು. ಅಲ್ಲಿಂದ ಜಾಹೀರಾತು ಮಾಡುವವರ ಕಿವಿಗೆ ಬಿತ್ತು. ಮರುಬಳಕೆಯ ಬಗ್ಗೆ ಜನಜಾಗೃತಿಯ ಟಿವಿ ಜಾಹೀರಾತಿಗೆ ಇವರನ್ನೇ ಕರೆದರು. ಆ ಜಾಹೀರಾತಿನ ಹಾಡೇ ಪಾಲಿರಿದಮ್.

ಈಗ ಹಾಡಿಗೆ ಬರೋಣ. ಪಾಲಿರಿದಮ್ ಪಲ್ಲವಿ ಸುಲಭ, ಎರಡನೇ ಸಲಕ್ಕೇ ಬಾಯಿಗೆ ಬರುತ್ತದೆ. ಮಜಾ ಇರೋದು ಮಧ್ಯದಲ್ಲಿ. ಹಾಡು ಇದ್ದಕ್ಕಿದ್ದಂತೆ ಗ್ರಾಮಫೋನ್ ಮುಳ್ಳು ಸಿಕ್ಕಿಕೊಂಡ ಹಾಗೆ ಒಂದೇ ತುಂಡಿನಲ್ಲಿ ಸುತ್ತೋಕೆ ಶುರುವಾಗುತ್ತದೆ. ಮೊದಲ ಸಲ ಕೇಳಿದಾಗ ನೆಟ್‌ವರ್ಕ್ ಹೋಯಿತು ಅಂದುಕೊಂಡಿದ್ದೆ.

ಆ ಗುಟ್ಟನ್ನು ನನಗೆ ಬಿಡಿಸಿದವನು ಅಕ್ಕನ ಮಗ. ಮೃದಂಗ ಕಲಿಯುತ್ತಿದ್ದಾನೆ, ಹದಿಮೂರು ವರ್ಷ. ಒಂದು ಭಾನುವಾರ ದೋಸೆ ತಿಂದು ಕೈ ತೊಳೆದು ಬಂದವನ ಕಿವಿಗೆ ಹಾಡು ಬಿತ್ತು. ನೆಲದ ಮೇಲೆ ಕೂತು ತೊಡೆಯ ಮೇಲೆ ಆದಿತಾಳ ಹಾಕಿದ. ಪೆಟ್ಟು, ಮೂರು ಬೆರಳು, ಪೆಟ್ಟು ಹುಸಿ, ಪೆಟ್ಟು ಹುಸಿ. ಪಲ್ಲವಿಯವರೆಗೂ ಎಲ್ಲ ಸರಿ ಇತ್ತು. ಆ ಸುತ್ತು ಬಂದ ಕೂಡಲೇ ಕೈ ನಿಂತಿತು. ಹುಬ್ಬು ಗಂಟಾಯಿತು. "ಮಾಮಾ, ಹಿಂದೆ ಹಾಕು" ಅಂದ. ಹಾಕಿದೆ. ಈ ಸಲ ಕೈಯಲ್ಲಿ ನಾಲ್ಕರ ತಾಳ ಬಿಡಲಿಲ್ಲ, ಬಾಯಲ್ಲಿ ಮಾತ್ರ 'ತಕತಕಿಟ, ತಕತಕಿಟ' ಅಂತ ಹೇಳುತ್ತಾ ಹೋದ. ಕೂತಿತು! "ಐದು ಮಾಮಾ, ಮೇಲೆ ಐದು ಓಡ್ತಿದೆ" ಅಂತ ನಕ್ಕ.

ಅವನು ಹೇಳಿದ್ದು ಸರಿ. ಹಾಡಿನ ಹೆಸರನ್ನು ಜಪಾನಿಯರು ಹೇಳೋದು 'ಪೊರಿರಿಜುಮು' ಅಂತ. ಐದು ಲಘು, ಐದು ಮಾತ್ರೆ. ಆ ಸುತ್ತಿನಲ್ಲಿ ಬರುವ ಇನ್ನೊಂದು ಪದ 'ಪೊರಿರೂಪು'. ಲಘು, ಲಘು, ಗುರು, ಲಘು. ಅದೂ ಐದೇ ಮಾತ್ರೆ. ನಮ್ಮ ಶಾಲೆಯ ಛಂದಸ್ಸು ಹೀಗೂ ಉಪಯೋಗಕ್ಕೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು. ಐದರ ತುಂಡು ಮೇಲೆ ಓಡುತ್ತದೆ, ಕೆಳಗೆ ನಾಲ್ಕರ ಲೆಕ್ಕ ತನ್ನ ಪಾಡಿಗೆ ನಡೆಯುತ್ತದೆ, ನಡುವೆ ಆರರ ಓಟವೂ ಸೇರಿಕೊಳ್ಳುತ್ತದೆ. ಐದು ನಾಲ್ಕು ಸಲ, ನಾಲ್ಕು ಐದು ಸಲ ಆದಾಗ, ಅಂದರೆ ಇಪ್ಪತ್ತಕ್ಕೆ, ಎರಡೂ ಒಂದೇ ಕಡೆ ಬಂದು ಬೀಳುತ್ತವೆ. ತನಿ ಆವರ್ತನ ಕೇಳಿದವರಿಗೆ ಇದು ಗೊತ್ತಿರುವ ಆಟ. ಪಾಪ್ ಹಾಡು ಕೇಳುವವರಿಗೆ ಇದು ಹೊಸದು. ರೆಕಾರ್ಡ್ ಕಂಪನಿಯವರಿಗೂ ಈ ಭಾಗ ಅಷ್ಟು ರುಚಿಸಲಿಲ್ಲ. ನಕಾತಾ ಪಟ್ಟು ಬಿಡಲಿಲ್ಲ. ಟಿವಿಯಲ್ಲಿ ಹಾಡುವಾಗ ಆ ಸುತ್ತಿಗೆ ಕತ್ತರಿ ಬೀಳುವುದುಂಟು. ಹಾಗಾಗಿ ಟಿವಿ ವಿಡಿಯೋ ನೋಡಿ "ಇಷ್ಟೇನಾ?" ಅನ್ನಬೇಡಿ, ಪೂರ್ತಿ ಹಾಡನ್ನೇ ಕೇಳಿ.

ನೀವು ಈ ಹಾಡನ್ನು ಗೊತ್ತಿಲ್ಲದೆ ಕೇಳಿಯೂ ಇರಬಹುದು. 2011ರ 'ಕಾರ್ಸ್ 2' ಸಿನಿಮಾದಲ್ಲಿ ಟೋಕಿಯೋಗೆ ಹೋದಾಗ ಹಿನ್ನೆಲೆಯಲ್ಲಿ ಬರೋದು ಇದೇ.

ಚಾಕೊಲೇಟ್ ಡಿಸ್ಕೋದಲ್ಲಿ ಇಂಥ ಲೆಕ್ಕಾಚಾರ ಏನೂ ಇಲ್ಲ. ಜಪಾನಿನಲ್ಲಿ ಪ್ರೇಮಿಗಳ ದಿನ ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುತ್ತಾರೆ. ಹುಡುಗರು ತಿರುಗಿ ಕೊಡೋದು ಒಂದು ತಿಂಗಳ ನಂತರ, ಮಾರ್ಚ್ 14ಕ್ಕೆ. ಹಾಡು ಆ ದಿನದ ತರಗತಿಯ ಸಡಗರ. ಯಾರಿಗೆ ಸಿಗುತ್ತೆ, ಯಾರಿಗೆ ಇಲ್ಲ ಅನ್ನೋ ಹುಡುಗರ ಚಡಪಡಿಕೆ, ಹುಡುಗಿಯರ ಆಸೆ. ಪಲ್ಲವಿಯಲ್ಲಿ ಹಾಡಿನ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಭಾಷೆ ಬೇಕಾಗಿಲ್ಲ, ಅರ್ಥ ಬೇಕಾಗಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದು ನಿಮಿಷದಲ್ಲಿ ಕೈ ಎತ್ತಿ ಹಾಡುತ್ತಾರೆ. ಆಮೇಲೆ ವಾರವಿಡೀ ನೀವು ಅನುಭವಿಸಬೇಕು ಅಷ್ಟೆ.

ಯಾವುದು ಮೊದಲು? ಹತ್ತರಲ್ಲಿ ಎಂಟು ಜನಕ್ಕೆ ನಾನು ಚಾಕೊಲೇಟ್ ಡಿಸ್ಕೋ ಕೊಡುತ್ತೇನೆ. ಅದೇ ಸಂಜೆ ಪಾಲಿರಿದಮ್ ಕೂಡ ಕೇಳಿಸುತ್ತೇನೆ. ತಾಳ ಹಾಕೋಕೆ ಬರುವವರು, ಡ್ರಮ್ಸ್ ಬಾರಿಸುವವರು, ಸುಮ್ನೆ ಕೂತರೂ ಮೇಜಿನ ಮೇಲೆ ಬೆರಳು ಕುಟ್ಟುವವರು ನೇರವಾಗಿ ಪಾಲಿರಿದಮ್‌ಗೆ ಹೋಗಿ. ನನ್ನ ಮಟ್ಟಿಗೆ ಪಾಲಿರಿದಮ್ ದೊಡ್ಡ ಹಾಡು. ಆದರೆ ಮೊದಲ ಹಾಡು ಆಗೋಕೆ ಅದು ಸ್ವಲ್ಪ ತಂಟೆ ಮಾಡುತ್ತದೆ.

ಲವ್ ದ ವರ್ಲ್ಡ್ ಅಥವಾ ಡ್ರೀಮ್ ಫೈಟರ್

ಇವು ಮರುವರ್ಷದವು. 2008ರ ಏಪ್ರಿಲ್‌ನಲ್ಲಿ 'ಗೇಮ್' ಆಲ್ಬಮ್ ಒರಿಕಾನ್ ಪಟ್ಟಿಯ, ಅಂದರೆ ಜಪಾನಿನ ಮಾರಾಟದ ಪಟ್ಟಿಯ, ತುದಿಗೆ ಹೋಯಿತು. ಟೆಕ್ನೋ-ಪಾಪ್ ಆಲ್ಬಮ್ ಒಂದು ಅಲ್ಲಿಗೆ ಏರಿದ್ದು ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಅನ್ನೋ ಹಳೇ ಜಪಾನಿ ತಂಡ 1983ರಲ್ಲಿ ಏರಿದ ಮೇಲೆ ಇದೇ ಮೊದಲು, ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ. ಜುಲೈನಲ್ಲಿ 'ಲವ್ ದ ವರ್ಲ್ಡ್' ಬಂತು, ಅದು ಇವರ ಮೊದಲ ನಂಬರ್ ಒನ್ ಸಿಂಗಲ್ (ಆಲ್ಬಮ್‌ಗೆ ಮುಂಚೆ ಬಿಡಿಯಾಗಿ ಬರುವ ಹಾಡು). ನವೆಂಬರ್‌ನಲ್ಲಿ ಟೋಕಿಯೋದ ಬುದೊಕಾನ್ ಸಭಾಂಗಣದಲ್ಲಿ ಕಾರ್ಯಕ್ರಮ, ಜೊತೆಗೆ 'ಡ್ರೀಮ್ ಫೈಟರ್'. ವರ್ಷದ ಕೊನೆಯ ರಾತ್ರಿ ಎನ್‌ಎಚ್‌ಕೆ ಟಿವಿ ವಾಹಿನಿಯ ಕೊಹಾಕು, ಇಡೀ ಜಪಾನ್ ಟಿವಿ ಮುಂದೆ ಕೂರುವ ಕಾರ್ಯಕ್ರಮ. ಬೀದಿಯಲ್ಲಿ ಚೀಟಿ ಹಂಚಿ ಆಗ ಮೂರೇ ವರ್ಷ.

ನಂಬರ್ ಒನ್ ಆಗಿದ್ದು ಲವ್ ದ ವರ್ಲ್ಡ್ ಆದರೂ ನಾನು ಜಾಸ್ತಿ ಕೇಳೋದು ಡ್ರೀಮ್ ಫೈಟರ್. ಲವ್ ದ ವರ್ಲ್ಡ್ ತಣ್ಣಗಿದೆ, ಚೆಂದವಾಗಿದೆ, ಎಲ್ಲೂ ಅಂಚು ಚುಚ್ಚುವುದಿಲ್ಲ. ಮಳೆಗಾಲದ ಬಸ್ ಪ್ರಯಾಣಕ್ಕೆ ಸರಿ. ಡ್ರೀಮ್ ಫೈಟರ್ ಹಾಗಲ್ಲ, ಎಬ್ಬಿಸಿ ನಿಲ್ಲಿಸುವ ಹಾಡು. ಇಷ್ಟಕ್ಕೆ ಸಾಕು ಅನ್ನಿಸಿದಾಗಲೂ ಇನ್ನೊಂದು ಹೆಜ್ಜೆ ಇಡೋಣ ಅನ್ನೋ ಧಾಟಿ. ಬೇರೆ ಯಾರಾದರೂ ಹಾಡಿದ್ದರೆ ಉಪದೇಶ ಅನ್ನಿಸುತ್ತಿತ್ತೇನೋ. ಇವರು ಹಾಡಿದಾಗ ಆ ಬೀದಿ, ಆ ಚೀಟಿ ನೆನಪಾಗುತ್ತದೆ. ಪರೀಕ್ಷೆ, ಇಂಟರ್‌ವ್ಯೂ ಇರುವವರಿಗೆ ಬೆಳಿಗ್ಗೆ ಕೇಳೋಕೆ ಹೇಳಿ.

ಆ 'ಎಡ್ಜ್' ಇತ್ತಲ್ಲ, ಗೆಳೆಯನನ್ನು ಕಾಫಿಗೆ ಎಬ್ಬಿಸಿದ ಹಾಡು, ಅದು ಬಂದಿದ್ದು ಇದೇ ಲವ್ ದ ವರ್ಲ್ಡ್ ಸಿಂಗಲ್‌ನ ಎರಡನೇ ಹಾಡಾಗಿ. 2009ರ 'ಟ್ರಯಾಂಗಲ್' ಆಲ್ಬಮ್‌ಗೆ ಸೇರಿಸುವಾಗ ಅದನ್ನು ಇನ್ನೂ ಹಿಗ್ಗಿಸಿದರು. ರಾತ್ರಿ, ಹೆಡ್‌ಫೋನ್, ಕತ್ತಲೆ ಮೂರೂ ಇದ್ದರೆ ಇದಕ್ಕೆ ಸಮನಾದದ್ದು ಇವರ ಹಾಡುಗಳಲ್ಲೇ ಇನ್ನೊಂದಿಲ್ಲ. ಆದರೆ ಹತ್ತು ಹಾಡು ಕೇಳಿ ಆದ ಮೇಲೆ. ಅದಕ್ಕೆ ಮುಂಚೆ ಬೇಡ, ನನ್ನ ಮಾತು ಕೇಳಿ.

ನೋಡಿ ಆರಿಸುವವರಿಗೆ

ಡ್ಯಾನ್ಸ್ ನೋಡೋಕೆ ಇಷ್ಟಪಡುವವರು ಹಳೆಯದನ್ನು ಬಿಟ್ಟು 2012ರಿಂದ ಶುರು ಮಾಡಬಹುದು. ಆ ವರ್ಷ ಎರಡು ಹಾಡು ಬಂದವು, 'ಸ್ಪ್ರಿಂಗ್ ಆಫ್ ಲೈಫ್' ಮತ್ತು 'ಸ್ಪೆಂಡಿಂಗ್ ಆಲ್ ಮೈ ಟೈಮ್'. ಮೊದಲನೆಯದರಲ್ಲಿ ಮೂವರೂ ವೈರ್ ಸಿಕ್ಕಿಸಿಕೊಂಡ ಬೊಂಬೆಗಳ ಹಾಗೆ ಇರುತ್ತಾರೆ, ಲಂಗದಲ್ಲೇ ಎಲ್‌ಇಡಿ ಮಿನುಗುತ್ತದೆ. ಚೆನ್ನಾಗಿದೆ, ಆದರೆ ಬೆಳಕಿನ ಆಟ ಕಣ್ಣನ್ನು ಕದ್ದುಬಿಡುತ್ತದೆ. ಎರಡನೆಯದು ಪೂರ್ತಿ ಕೈಗಳ ಕೆಲಸ. ಕಾಲು ಹೆಚ್ಚು ಕದಲುವುದಿಲ್ಲ. ಮೊಣಕೈ, ಅಂಗೈ, ಬೆರಳು ಇಷ್ಟರಲ್ಲೇ ಹಾಡು ನಡೆಯುತ್ತದೆ. ಒಬ್ಬಳ ಕೈ ಇಳಿದಲ್ಲಿಂದ ಇನ್ನೊಬ್ಬಳ ಕೈ ಏಳುತ್ತದೆ. ಸಾಹಿತ್ಯ ಹೆಚ್ಚಿನದು ಇಂಗ್ಲಿಷ್, ಒಂದೇ ಸಾಲು ಸುತ್ತಿ ಸುತ್ತಿ ಬರುತ್ತದೆ. ಬರೀ ಕೇಳಿದರೆ ಬೇಜಾರಾಗಬಹುದು. ನೋಡಿದರೆ ಕಣ್ಣು ಕೀಳೋಕೆ ಆಗಲ್ಲ. ನನ್ನ ಆಯ್ಕೆ ಇದೇ.

ಒಂದು ಸೂಚನೆ. ಮೊದಲ ಸಲ ಮೂವರನ್ನೂ ಒಟ್ಟಿಗೆ ನೋಡಿ, ಎರಡನೇ ಸಲ ಒಬ್ಬಳನ್ನೇ ಹಿಡಿದು ನೋಡಿ. ಮಿಕಿಕೊ ಕಟ್ಟುವ ಕುಣಿತದಲ್ಲಿ ಮೂವರೂ ಒಂದೇ ಥರ ಮಾಡುವುದು ಕಡಿಮೆ. ಒಬ್ಬಳು ಅರ್ಧ ಪೆಟ್ಟು ಹಿಂದೆ ಇರುತ್ತಾಳೆ, ಇನ್ನೊಬ್ಬಳು ಎದುರು ದಿಕ್ಕಿಗೆ ತಿರುಗಿರುತ್ತಾಳೆ. ಇಷ್ಟೆಲ್ಲ ಹೈ ಹೀಲ್ಸ್ ಹಾಕಿಕೊಂಡೇ. ಮದುವೆ ಮನೆಯಲ್ಲಿ ಹೀಲ್ಸ್ ಹಾಕಿ ಒಂದು ಗಂಟೆ ನಿಂತವರಿಗೆ ಅದರ ಕಷ್ಟ ಗೊತ್ತು.

ಅನಿಮೆ, ಮಾಂಗಾ ಕಡೆಯಿಂದ ಬರುವವರಿಗೆ ಎರಡು ಹಾಡು: 2016ರ 'ಫ್ಲ್ಯಾಶ್' ಮತ್ತು 2018ರ 'ಮುಗೆನ್‌ಮಿರಾಯ್'. ಎರಡೂ 'ಚಿಹಾಯಫುರು' ಮಾಂಗಾ ಆಧರಿಸಿದ ಸಿನಿಮಾಗಳಿಗೆ ಮಾಡಿದ್ದು. ಅದರಲ್ಲಿ ಬರೋದು ಕರುತಾ ಅನ್ನೋ ಆಟ. ಹಳೇ ಪದ್ಯದ ಮೊದಲ ಅಕ್ಷರ ಕಿವಿಗೆ ಬಿದ್ದ ತಕ್ಷಣ ಸರಿಯಾದ ಕಾರ್ಡ್ ಬಡಿದು ಹಾರಿಸಬೇಕು. ಫ್ಲ್ಯಾಶ್ ಹಾಡಿನ ಪಲ್ಲವಿ ಮುಗಿದು ಮಾತು ನಿಲ್ಲುತ್ತದೆ, ಬರೀ ಬೀಟ್ ಉಳಿಯುತ್ತದೆ, ಕೈ ಸರಕ್ ಅಂತ ಬೀಸುತ್ತದೆ. ನನಗೆ ಅದು ಕಾರ್ಡ್ ಬಡಿದ ಹಾಗೇ ಕಾಣುತ್ತದೆ. ಎರಡರಲ್ಲಿ ಫ್ಲ್ಯಾಶ್ ಮೇಲು. ಇದರ ಜೊತೆ 2017ರ 'ಟೋಕಿಯೋ ಗರ್ಲ್' ಕೇಳಿದರೂ ಆಯಿತು. ಟಿವಿ ಧಾರಾವಾಹಿಗೆ ಮಾಡಿದ್ದು, ಹೊಸ ಕಾಲದ ಹಾಡುಗಳಲ್ಲಿ ಗುನುಗೋಕೆ ಸುಲಭ.

ಡಿಸ್ಕೋನೇ ಬೇಡ ಅನ್ನುವವರು

ಅಂಥವರೂ ಇರುತ್ತಾರೆ. ನಮ್ಮಮ್ಮ ಇದ್ದಾರೆ. ಅವರಿಗೆ ಇಷ್ಟವಾಗಿದ್ದು ಒಂದೇ ಹಾಡು, 'ಮಕರೋನಿ'. ನಿಧಾನದ ನಡೆ, ಬೀಟ್ ಎದೆಗೆ ಗುದ್ದುವುದಿಲ್ಲ, ಧ್ವನಿಯೂ ಮೆತ್ತಗೆ. ಚಳಿಗಾಲದಲ್ಲಿ ಪಕ್ಕಪಕ್ಕ ನಡೆದುಕೊಂಡು ಹೋದ ಹಾಗಿದೆ. ಇದರ ಜೊತೆ 2010ರ '575' ಕೂಡ ಕೇಳಬಹುದು. ಹೈಕುವಿನ ಐದು-ಏಳು-ಐದರ ಲೆಕ್ಕದಲ್ಲಿ ಬರೆದ ಹಾಡು, ಮಧ್ಯೆ ರ‍್ಯಾಪ್ ಬೇರೆ. ಎರಡರಲ್ಲಿ ಮಕರೋನಿ ಸೇಫ್. ಅಮ್ಮ '575' ರ‍್ಯಾಪ್ ಬಂದಾಗ "ಇವಳು ಯಾಕೆ ಬೈತಾ ಇದಾಳೆ" ಅಂದರು.

ಬಿಡಿ ಹಾಡೋ, ಆಲ್ಬಮ್ಮೋ, ಸಂಗ್ರಹವೋ

2019ರಲ್ಲಿ 'ಪಿ ಕ್ಯೂಬ್ಡ್' ಅಂತ ಒಂದು ಸಂಗ್ರಹ ಬಂತು. ಮೂರು ಸಿಡಿ, 52 ಹಾಡು. ಹೊಸಬರು ನೇರ ಅದಕ್ಕೆ ಕೈ ಹಾಕುತ್ತಾರೆ, ಹದಿನೈದನೇ ಹಾಡಿಗೆ ಸುಸ್ತಾಗುತ್ತಾರೆ. ಊಟದ ಎಲೆಯಲ್ಲಿ ಎಲ್ಲ ಒಟ್ಟಿಗೆ ಬಡಿಸಿದರೆ ಯಾವುದರ ರುಚಿಯೂ ಗೊತ್ತಾಗಲ್ಲ. ಇಷ್ಟವಾದ ಮೇಲೆ ತಪ್ಪಿಹೋದದ್ದನ್ನು ಹುಡುಕೋಕೆ ಅದು ಚೆನ್ನಾಗಿದೆ. ಶುರುವಿಗೆ ನನ್ನ ವೋಟು 'ಗೇಮ್' ಆಲ್ಬಮ್‌ಗೆ. ಹನ್ನೆರಡೇ ಹಾಡು. ಮೊದಲನೆಯದೇ ಪಾಲಿರಿದಮ್, ಐದನೆಯದು ಚಾಕೊಲೇಟ್ ಡಿಸ್ಕೋ, ಆರನೆಯದು ಮಕರೋನಿ. ಕೊನೆಯದು 'ಪಪ್ಪಿ ಲವ್', ಲೈವ್ ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ಒಟ್ಟಿಗೆ ಕೈ ಮೇಲೆ ಕೆಳಗೆ ಮಾಡುವ ಹಾಡು.

ಹುಡುಕುವಾಗ ಇನ್ನೊಂದು ಗೊಂದಲ ಆಗುತ್ತದೆ. ಒಂದೇ ಹಾಡು ಎರಡು ಸಲ ಕಾಣಿಸುತ್ತದೆ, ಒಂದರ ಮುಂದೆ 'ಆಲ್ಬಮ್ ಮಿಕ್ಸ್' ಅಂತ ಇರುತ್ತದೆ. 'ಲೇಸರ್ ಬೀಮ್', 'ಸ್ಪೆಂಡಿಂಗ್ ಆಲ್ ಮೈ ಟೈಮ್', 'ಫ್ಲ್ಯಾಶ್' ಎಲ್ಲಕ್ಕೂ ಹೀಗಿದೆ. ನಕಾತಾ ಆಲ್ಬಮ್‌ಗೆ ಹಾಕುವಾಗ ಹಾಡನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಮೊದಲ ಸಲಕ್ಕೆ ಸಿಂಗಲ್ ಕೇಳಿ, ಅದು ಚಿಕ್ಕದು, ಚುರುಕು.

ಲೈವ್ ವಿಡಿಯೋ ಸಿಕ್ಕರೆ ಹಾಡಿನ ನಡುವಿನ ಮಾತನ್ನು ಓಡಿಸಬೇಡಿ. 'ಪಿ.ಟಿ.ಎ. ಕಾರ್ನರ್' ಅಂತ ಒಂದು ಭಾಗ ಇರುತ್ತದೆ. ಅಷ್ಟು ಹೊತ್ತು ರೋಬೋ ಥರ ಕುಣಿದವರು ಹಿರೋಶಿಮಾದ ಮಾತಿನಲ್ಲಿ ಹರಟೆ ಹೊಡೆಯುತ್ತಾ, ಜನರನ್ನು ಗುಂಪು ಮಾಡಿ, ಮಕ್ಕಳ ಟಿವಿ ಕಾರ್ಯಕ್ರಮದ ಹಲ್ಲುಜ್ಜುವ ಹಾಡನ್ನು ಎಲ್ಲರ ಕೈಲೂ ಮಾಡಿಸುತ್ತಾರೆ. ದೊಡ್ಡ ದೊಡ್ಡವರು ನಿಂತು ಹಲ್ಲುಜ್ಜುವ ನಟನೆ ಮಾಡುವುದನ್ನು ನೋಡಿದರೆ "ಮಷೀನ್" ಅನ್ನೋ ಮಾತು ಮತ್ತೆ ಬರಲ್ಲ. 2012ರ ಮೊದಲ ವಿದೇಶ ಪ್ರವಾಸದಲ್ಲಿ ಸಿಂಗಾಪುರಕ್ಕೆ ಬಂದಿದ್ದರು, ನಮಗೆ ಅಷ್ಟೇ ಹತ್ತಿರ. ನಾನು ಆಗ ಇವರ ಹೆಸರನ್ನೂ ಕೇಳಿರಲಿಲ್ಲ, ಅದೊಂದು ಹೊಟ್ಟೆಕಿಚ್ಚು ಉಳಿದಿದೆ.

2025ಕ್ಕೆ ತಂಡ ಹುಟ್ಟಿ ಇಪ್ಪತ್ತೈದು ವರ್ಷ, ಸೆಪ್ಟೆಂಬರ್ 21ಕ್ಕೆ ದೊಡ್ಡ ಕಂಪನಿಯಿಂದ ಮೊದಲ ಸಿಂಗಲ್ ಬಂದು ಇಪ್ಪತ್ತು ವರ್ಷ. ಅವತ್ತೇ ಒಂದು ಪ್ರಕಟಣೆ ಬಂತು. ವರ್ಷ ಮುಗಿದ ಮೇಲೆ 'ಕೋಲ್ಡ್ ಸ್ಲೀಪ್'ಗೆ ಹೋಗುತ್ತೇವೆ, ಅಂದರೆ ಸದ್ಯಕ್ಕೆ ವಿರಾಮ ಅಂತ. ಮರುದಿನ, ಅದರ ಮರುದಿನ ಟೋಕಿಯೋ ಡೋಮ್‌ನಲ್ಲಿ ಕುಣಿದರು. ಆ ವಾರ ನಾನು ಕೇಳಿದ್ದು 2015ರ 'ಸ್ಟಾರ್ ಟ್ರೇನ್' ಒಂದನ್ನೇ. ಇವರದೇ ವಿದೇಶ ಪ್ರವಾಸದ ಸಾಕ್ಷ್ಯಚಿತ್ರಕ್ಕೆ ಮಾಡಿದ ಹಾಡು, ಮೂವರ ದನಿಯೂ ಸ್ವಲ್ಪ ಬಿಡಿಬಿಡಿಯಾಗಿ ಕೇಳುತ್ತದೆ. ಇದನ್ನು ಮೊದಲು ಕೇಳಬೇಡಿ. ಮೇಲಿನ ಹಾಡೆಲ್ಲ ಆಗಲಿ, ಜುಟ್ಟು ಯಾರದು, ಗಿಡ್ಡ ಕೂದಲು ಯಾರದು ಅಂತ ಯೋಚಿಸದೆ ಗುರುತು ಹಿಡಿಯೋಕೆ ಬರಲಿ, ಆಮೇಲೆ ಹಾಕಿ.